ನಲವತ್ತೊಂದನೇ ವಸ್ತುವಿನ ಕಣ್ಣು

೧೯೮೪ನೇ ಇಸವಿ ಮಾರ್ಚ್ ೨, ಶುಕ್ರವಾರ. ಶಿವರಾತ್ರಿ ಕಳೆದ ಮೇಲಿನ ಅಮಾವಾಸ್ಯೆ. ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ದೇವದುರ್ಗ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಇಬ್ಬರು ಹೆಂಗಸರು ಬಂದರು. ಮುಂದಿದ್ದವಳು ಹಸೀನಾ ಬೇಗಂ, ವಯಸ್ಸು ಮೂವತ್ತೆಂಟು. ಹಿಂದಿದ್ದವಳು ಮ್ಯೂಸಿಯಂನಲ್ಲಿ ಕಸ ಗುಡಿಸುವ ಮುದುಕಮ್ಮ. ಕೈಯಲ್ಲಿ ಕಸಬರಿಗೆ ಹಿಡಿದುಕೊಂಡೇ ಊರ ತುಂಬ ಓಡಿ ಬಂದಿದ್ದಳು. ಅದು ಕೈಯಲ್ಲಿರುವುದೇ ಅವಳಿಗೆ ಗೊತ್ತಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಪರಮಣ್ಣ ಆಗಷ್ಟೇ ಬಂದು ಟೋಪಿಯನ್ನು ಮೇಜಿನ ಮೇಲಿಟ್ಟಿದ್ದ.

“ಏನಾತು?”

“ನಮ್ಮನಿಯವ್ರು ಇಲ್ರಿ ಸಾಹೇಬ್ರ,” ಎಂದಳು ಹಸೀನಾ ಬೇಗಂ. “ಚಪ್ಲಿ ಅದಾವ, ಕೋಲು ಅದ, ಅವ್ರಿಲ್ಲ. ನೆಲದ ಮ್ಯಾಲ ರಕ್ತ ಅದ.”

“ಎಲ್ಲಿ?”

“ಮ್ಯೂಜಿಯಂದಾಗ.”

ಮುದುಕಮ್ಮ ಹಿಂದಿನಿಂದ ಬಾಯಿ ಹಾಕಿದಳು. “ಆಕಿ ಕಣ್ಣು ತೆರದಾಳ್ರಿ ಯಪ್ಪಾ.”

“ಯಾಕಿ?”

ಮುದುಕಮ್ಮ ಕಸಬರಿಗೆಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಕ್ಕರಿಸಿದಳು. ಪೊಲೀಸ್ ಕತೆಗಳಲ್ಲಿ ಸಾಹೇಬರು ಹೆದರುವುದಿಲ್ಲವಂತೆ. ಈ ಸಾಹೇಬ ಹೆದರಿದ್ದ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಕಾಣೆಯಾದವನು ಅಮೀರ್ ಸಾಬ್, ನಲವತ್ತೈದು ವರ್ಷ, ಹತ್ತು ವರ್ಷದಿಂದ ಮ್ಯೂಸಿಯಂ ಕಾವಲುಗಾರ. ಸಂಜೆ ಆರಕ್ಕೆ ಹೋದರೆ ಬೆಳಿಗ್ಗೆ ಆರೂವರೆಗೆ ಮನೆಗೆ ಬಂದು, ಮೂವರು ಹೆಣ್ಣುಮಕ್ಕಳ ಕಾಲ್ಬೆರಳು ಎಳೆದು ಶಾಲೆಗೆ ಎಬ್ಬಿಸುವವನು. ಹತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಇವತ್ತು ಬರಲಿಲ್ಲ. ಹಸೀನಾ ಹುಡುಕಿಕೊಂಡು ಹೋದಾಗ ಮ್ಯೂಸಿಯಂ ಬಾಗಿಲಲ್ಲಿ ಮುದುಕಮ್ಮ ಚೀರುತ್ತಿದ್ದಳು.

ಮನುಷ್ಯ ಕಾಣೆ ಎಂದು ಎಫ್.ಐ.ಆರ್. ಬರೆದು, ಎಂಟು ಇಪ್ಪತ್ತೈದಕ್ಕೆ ಪರಮಣ್ಣ ದಫೇದಾರ ಹನುಮಂತ್ರಾಯನನ್ನು ಕರೆದುಕೊಂಡು ಸ್ಥಳಕ್ಕೆ ಹೋದ. ಹನುಮಂತ್ರಾಯ ಕುರಿ ಸಾಕುವ ಮನೆತನದವನು, ಠಾಣೆಯಲ್ಲಿ ಎಲ್ಲರಿಗಿಂತ ಹಿರಿಯ, ಹೆಚ್ಚು ಮಾತಾಡುವವನಲ್ಲ.

ಮ್ಯೂಸಿಯಂ ಇದ್ದದ್ದು ಬಸ್ ನಿಲ್ದಾಣದ ಹಿಂದೆ, ನಿಜಾಮರ ಕಾಲದ ಹಳೆಯ ತಹಸೀಲ್ ಕಚೇರಿಯ ನಾಲ್ಕು ಕೋಣೆಗಳಲ್ಲಿ. ಬೀಗ ತೆಗೆದಿತ್ತು, ಕೀಲಿ ಗೊಂಚಲು ಬೀಗದಲ್ಲೇ ನೇತಾಡುತ್ತಿತ್ತು. ಮೂರನೇ ಕೋಣೆಯ ಹೊಸ್ತಿಲ ಹೊರಗೆ ಅಮೀರ್ ಸಾಬನ ಚಪ್ಪಲಿ, ಗೋಡೆಗೆ ಅವನ ಕೋಲು. ಒಳಗೆ ನೆಲದ ಮೇಲೆ ಕೆಂಪು ನೀರು ಹರಿದು ಸಂದುಗಳಲ್ಲಿ ನಿಂತಿತ್ತು. ಒಂದು ಚಹಾದ ಗ್ಲಾಸು ಒಡೆದು ಬಿದ್ದಿತ್ತು. ಇನ್ನೊಂದು ಕಿಟಕಿಯ ಕಟ್ಟೆಯ ಮೇಲೆ ತುಂಬಿದಂತೆಯೇ ಇತ್ತು, ಕೆನೆ ಕಟ್ಟಿತ್ತು. ಎದುರು ಗೋಡೆಗೆ ಒರಗಿಸಿದ ತಗಡಿನ ಚೌಕಟ್ಟಿನ ಕನ್ನಡಿ ಮೇಲಿನಿಂದ ಕೆಳಗೆ ಸೀಳಿತ್ತು.

ಕನ್ನಡಿಯ ಎದುರಿಗೆ ದೇವಿ ನಿಂತಿದ್ದಳು. ಕಟ್ಟಿಗೆಯ ದೇವಿ, ನಾಲ್ಕು ಅಡಿ ಎತ್ತರ, ಕೆಂಪು ಮುಖ. ಎಂಟು ವರ್ಷದಿಂದ ಅವಳ ಕಣ್ಣಿನ ಮೇಲೆ ಮುಖದ್ದೇ ಬಣ್ಣದ ಅರಗು ಮೆತ್ತಿತ್ತು. ಶಾಲೆಯ ಮಕ್ಕಳು ನೋಡಲು ಬಂದರೆ ‘ಮಲಗಿದ ದೇವಿ’ ಎನ್ನುತ್ತಿದ್ದರು. ಈಗ ಅರಗು ಇರಲಿಲ್ಲ. ಎರಡು ದೊಡ್ಡ ಬಿಳಿ ಕಣ್ಣು, ನಡುವೆ ಕಪ್ಪು ಗುಡ್ಡೆ. ಬಾಗಿಲಿಗೆ ಬಂದವರನ್ನು ನೆಟ್ಟಗೆ ನೋಡುತ್ತಿದ್ದಳು.

ಪರಮಣ್ಣನ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಬಂತು. ಅವನ ಊರಲ್ಲಿ ಇಂಥ ದೇವಿಯ ಮುಂದೆ ಅವನ ಕೇರಿಯವರನ್ನು ಬಿಡುತ್ತಿರಲಿಲ್ಲ. ಅವನಪ್ಪ ದೂರದ ಬೇವಿನ ಗಿಡದ ಕೆಳಗೆ ನಿಂತು ಹಲಗೆ ಬಾರಿಸಬೇಕಿತ್ತು. ಓದಿ, ನೌಕರಿ ಹಿಡಿದು, ಅದೆಲ್ಲ ಸುಳ್ಳೆಂದು ತಿಳಿದುಕೊಂಡವನು ಪರಮಣ್ಣ. ಆದರೂ ಇಷ್ಟು ಹತ್ತಿರದಿಂದ ಅವಳ ಕಣ್ಣನ್ನು ಅವನು ನೋಡಿದ್ದು ಇದೇ ಮೊದಲು.

ಪಂಚನಾಮೆಗೆ ಪಂಚರು ಬೇಕಲ್ಲ. ಹೋಟೆಲ್ ಮಾಲೀಕನನ್ನೂ ಸೈಕಲ್ ಅಂಗಡಿಯವನನ್ನೂ ಕರೆಸಿದರೆ ಇಬ್ಬರೂ ಹೊಸ್ತಿಲ ಹೊರಗೇ ಕೈಮುಗಿದು ನಿಂತರು.

“ಬೇಕಂದ್ರ ನನ್ನ ಲಾಕಪ್ಪಿನ್ಯಾಗ ಹಾಕ್ರಿ ಸಾಹೇಬ್ರ,” ಎಂದ ಹೋಟೆಲಿನವನು. “ಆಕಿ ಮುಂದ ಮಾತ್ರ ನಿಂದ್ರಂಗಿಲ್ಲ.”

ಕೊನೆಗೆ ಹಿಂದಿನ ಬಾಗಿಲು ತೆಗೆಸಿ, ದೇವಿಯ ಬೆನ್ನ ಹಿಂದೆ ಅವರನ್ನು ನಿಲ್ಲಿಸಬೇಕಾಯಿತು. ಕಾನೂನಿನ ಪ್ರಕಾರ ಪಂಚರು ಎಲ್ಲವನ್ನೂ ಕಣ್ಣಾರೆ ಕಾಣಬೇಕು. ಇವರು ಕಂಡದ್ದು ಬಹುಪಾಲು ದೇವಿಯ ಬೆನ್ನು. ಪರಮಣ್ಣ ಕೂಗಿ ಹೇಳಿ ಬರೆಸಿದ್ದಕ್ಕೆ ಸಹಿ ಹಾಕಿ, ತಿರುಗಿ ನೋಡದೆ ಹೋದರು.

ದಫೇದಾರ ಕುಕ್ಕುರುಗಾಲಲ್ಲಿ ಕುಳಿತು ಕೆಂಪು ನೀರಿಗೆ ಬೆರಳಿಟ್ಟು ಮೂಸಿದ.

“ರಕ್ತ ಅಲ್ರಿ. ಅರಿಶಿಣ, ಸುಣ್ಣ ಕಲಸಿದ ನೀರು. ನಮ್ಮವ್ವ ದೃಷ್ಟಿ ತೆಗೆಯಾಕ ಮಾಡ್ತಿದ್ದಳು.”

ಹೊರಗೆ ನಿಂತಿದ್ದ ಹಸೀನಾಳಿಗೆ ಅದನ್ನು ಹೇಳಿದಾಗ ಅವಳು ಗೋಡೆ ಹಿಡಿದುಕೊಂಡಳು. “ಹಂಗಾದ್ರ ಜೀವಂತ ಅದಾರೇನ್ರಿ?”

“ಹುಡುಕ್ತೀವಿ,” ಎಂದ ಪರಮಣ್ಣ.

ಹನ್ನೊಂದು ಗಂಟೆಗೆ ಗಡಿಗೆಪ್ಪ ಮಾಸ್ತರ ವಿಚಾರಣೆ. ಈ ಮ್ಯೂಸಿಯಂ ಕಟ್ಟಿದವರು ಅವರೇ. ಸರ್ಕಾರಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು, ಈಗ ನಿವೃತ್ತರು, ಬೋಳು ತಲೆಯ ಸಣ್ಣ ಮನುಷ್ಯ. ಎಪ್ಪತ್ತರ ದಶಕದ ಮೊದಲಲ್ಲಿ ಊರೂರಿನ ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟಲು ಶುರುಮಾಡಿದಾಗ, ಕೆತ್ತನೆಯ ಬಾಗಿಲುಗಳು ಒಲೆಗೂ ಹಿತ್ತಾಳೆ ದೀಪಗಳು ಗುಜರಿಗೂ ಹೋಗುವುದನ್ನು ನೋಡಿ ಅವರಿಗೆ ಹೊಟ್ಟೆ ಉರಿಯಿತು. ಸೈಕಲ್ಲಿನ ಮೇಲೆ ಹಳ್ಳಿ ತಿರುಗಿ ಬೇಡಿ ತಂದರು. ಬಿದರಿ ಕೆಲಸದ ಹುಕ್ಕಾ, ಬಣ್ಣದ ತೊಟ್ಟಿಲು, ಗಾಜಿನ ತೂಗುದೀಪ, ನೂರು ತುಂಡಿನ ಕೌದಿ, ಗಂಜೀಫಾ ಆಟದ ದುಂಡನೆಯ ಎಲೆಗಳು. ಮನೆ ತುಂಬಿ ಹೆಂಡತಿ ಬಯ್ಯಲು ಶುರುಮಾಡಿದ ಮೇಲೆ, ೧೯೭೪ರಲ್ಲಿ, ತಾಲೂಕಿನವರ ಕಾಲುಹಿಡಿದು ಈ ನಾಲ್ಕು ಕೋಣೆ ಪಡೆದರು. ಊರವರು ಬಹಳ ದಿನ ಅದನ್ನು ‘ಮಾಸ್ತರ ಸಾಮಾನಿನ ಮನಿ’ ಎಂದೇ ನಕ್ಕರು. ಆಮೇಲೆ ತಾವೇ ಅಜ್ಜಿಯ ಕಸೂತಿ ಕುಪ್ಪಸ, ಮುತ್ತಾತನ ಪೇಟ ತಂದುಕೊಟ್ಟರು. ಒಂದೊಂದಕ್ಕೂ ಮಾಸ್ತರು ನಂಬರು ಹಾಕಿ ದಪ್ಪ ಪುಸ್ತಕದಲ್ಲಿ ಬರೆದಿದ್ದರು. ಈಗ ಒಟ್ಟು ಇನ್ನೂರ ಹನ್ನೆರಡು.

“ದೇವಿ ಎಂದು ಬಂದಳು?” ಪರಮಣ್ಣ ಕೇಳಿದ.

“ಎಪ್ಪತ್ತಾರರಾಗ್ರಿ. ಹೊಳಿದಂಡಿ ಒಂದು ಹಳ್ಳಿಯವ್ರು ಹೊಸಾ ದೇವಿ ಮಾಡಿಸಿದ್ರು. ಹಳೇ ಕಟ್ಟಿಗಿ ದೇವಿನ್ನ ಹೊಳಿಗಿ ಬಿಡೂದು ಪದ್ಧತಿ. ನಾನು ಕೈಕಾಲು ಬಿದ್ದು ಬ್ಯಾಡಂದೆ. ಅಂಥಾ ಕೆತ್ತನಿ ಇನ್ನ ಹುಟ್ಟಂಗಿಲ್ರಿ.”

“ಕೊಟ್ಟರೇನು?”

“ಒಂದು ಮಾತಿನ ಮ್ಯಾಲ. ಪೂಜಿ ಇಲ್ಲದ ಜಾಗದಾಗ ಕಣ್ಣು ತೆರಕೊಂಡು ನಿಂತ್ರ ಊರಿಗಿ ಕೇಡು, ಕಣ್ಣು ಮುಚ್ಚಿಸಿ ಒಯ್ಯಿರಿ ಅಂದ್ರು. ಮುಚ್ಚಿಸಿದೆ.”

“ಯಾರಿಂದ?”

ಮಾಸ್ತರು ಪುಸ್ತಕದ ಪುಟ ತಿರುಗಿಸಿದರು. ನಲವತ್ತೊಂದನೇ ವಸ್ತು: ಕಟ್ಟಿಗೆಯ ದೇವಿ. ಕಣ್ಣು ಅರಗಿನಿಂದ ಮುಚ್ಚಿದೆ. ಮುಚ್ಚಿದವರ ಹೆಸರಿನ ಜಾಗ ಖಾಲಿ. ಬೇರೆ ಯಾವ ಪುಟದಲ್ಲೂ ಖಾಲಿ ಜಾಗ ಇರಲಿಲ್ಲ.

“ನೆನಪಿಲ್ರಿ,” ಎಂದರು ಮಾಸ್ತರು. ಪುಸ್ತಕ ಮುಚ್ಚಿದರು. ಇವತ್ತು ಬೆಳಿಗ್ಗೆಯಿಂದ ಅವರು ಮೂರನೇ ಕೋಣೆಗೆ ಕಾಲಿಟ್ಟಿರಲಿಲ್ಲ.

ಇಲ್ಲೇ ಪರಮಣ್ಣ ಎಡವಿದ. ಕೀಲಿ ಕಾವಲುಗಾರನ ಕೈಯಲ್ಲಿತ್ತು, ಕಾವಲುಗಾರ ಇಲ್ಲ. ಏನೋ ಕದ್ದು ಓಡಿರಬೇಕು, ಜನ ಹೆದರಲಿ ಎಂದು ದೇವಿಯ ಕಣ್ಣು ಬಿಡಿಸಿರಬೇಕು. ಹಾಗಂತ ಲೆಕ್ಕಹಾಕಿ ರಾಯಚೂರು, ಮಾನವಿ, ಲಿಂಗಸುಗೂರು ಠಾಣೆಗಳಿಗೆ ವೈರ್‌ಲೆಸ್ ಕಳಿಸಿದ: ಖಾಕಿ ಅಂಗಿ, ಬರಿಗಾಲು, ತಲೆತಪ್ಪಿಸಿಕೊಂಡು ಓಡುತ್ತಿರುವ ವ್ಯಕ್ತಿ. ಶನಿವಾರ ಇಡೀ ದಿನ ಇನ್ನೂರ ಹನ್ನೆರಡು ವಸ್ತುಗಳನ್ನು ಪುಸ್ತಕದ ಜೊತೆ ತಾಳೆ ನೋಡಿದರು. ಒಂದೂ ಕಡಿಮೆ ಇರಲಿಲ್ಲ. ಪನ್ನೀರು ಚಿಮುಕಿಸುವ ಸಣ್ಣ ಬೆಳ್ಳಿಯ ಗುಲಾಬಿದಾನಿ ಕೂಡ ಇದ್ದಲ್ಲೇ ಇತ್ತು.

ಕಳ್ಳತನ ಆಗಿದ್ದರೆ ಚೆನ್ನಾಗಿತ್ತು ಎನ್ನಿಸಿತು ಪರಮಣ್ಣನಿಗೆ. ಕಳ್ಳನಿಗೆ ಕಾರಣ ಇರುತ್ತದೆ. ಇದಕ್ಕೆ ಕಾರಣವೇ ಕಾಣಲಿಲ್ಲ.

ಅಷ್ಟರಲ್ಲಿ ಊರು ಗಾಬರಿಯಿಂದ ಅರ್ಧ ಸತ್ತಿತ್ತು. ಮುದುಕಮ್ಮನಿಗೆ ಜ್ವರ ಬಂತು. ಬಸ್ ನಿಲ್ದಾಣದ ಹಿಂದಿನ ದಾರಿಯಲ್ಲಿ ಯಾರೂ ನಡೆಯಲಿಲ್ಲ, ಸುತ್ತು ಹಾಕಿ ಹೋದರು. ಕಾವಲಿಗೆ ಹಾಕಿದ ಕಾನ್‌ಸ್ಟೇಬಲ್ ಮಲ್ಲಯ್ಯ ಬೀದಿಯ ಆಚೆ ಪಕ್ಕ, ಮ್ಯೂಸಿಯಂಗೆ ಬೆನ್ನು ಮಾಡಿ ಕುಳಿತ. ಕೇಳಿದರೆ, “ಬೆನ್ನಿಗಿ ಕಿವಿ ಅದಾವ ಸಾಹೇಬ್ರ,” ಎಂದ. ಅಮೀರ್ ಸಾಬನನ್ನು ದೇವಿ ನುಂಗಿದಳು ಎಂಬುದರಲ್ಲಿ ಯಾರಿಗೂ ಸಂಶಯ ಉಳಿದಿರಲಿಲ್ಲ.

ಮಾರ್ಚ್ ೪, ಭಾನುವಾರ. ಬೆಳಿಗ್ಗೆ ಎಂಟಕ್ಕೆ ಹಸೀನಾ ಬೇಗಂ ಮತ್ತೆ ಠಾಣೆಗೆ ಬಂದಳು. ಎರಡು ದಿನದಲ್ಲಿ ಮುಖ ಹಿಡಿಯಷ್ಟಾಗಿತ್ತು.

“ಅವ್ರು ಸತ್ತಾರ್ರಿ ಸಾಹೇಬ್ರ.”

“ಯಾರು ಹೇಳಿದರು?”

“ಅವ್ರ ಹೇಳ್ಯಾರ.” ಅವಳ ಹಲ್ಲು ಕಟಕಟ ಎನ್ನುತ್ತಿತ್ತು. “ನಿನ್ನಿ ಹೊತ್ತು ಮುಳುಗೂ ಮುಂದ, ಹಿತ್ತಲ ಗೋಡಿ ಆಚಿ ಕಡಿ ಕೆಮ್ಮಿದ್ರು. ಅವ್ರ ಕೆಮ್ಮು ನನಗ ಗೊತ್ತಿಲ್ಲೇನ್ರಿ? ಹಸೀನಾ, ಹೊರಗ ಬರಬ್ಯಾಡ, ಮಕ್ಕಳನ್ನ ಬಿಡಬ್ಯಾಡ ಅಂದ್ರು. ನಾ ಓಡಿ ಹೋದೆ. ಯಾರೂ ಇದ್ದಿಲ್ಲ. ಯಾ ಅಲ್ಲಾ, ಮನಿ ಬಾಗಿಲಿಗಿ ಬಂದು ಒಳಗ ಬರಲಾರದೋರು ಯಾರ್ರಿ? ಜೀವ ಇದ್ದೋರು ಹಂಗ ಮಾಡ್ತಾರೇನ್ರಿ?”

ಮಲ್ಲಯ್ಯ ಬಾಗಿಲ ಬಳಿಯಿಂದ ಮೆಲ್ಲಗೆ ಜಾಗ ಖಾಲಿ ಮಾಡಿದ. ಮಾತಾಡಿದವನು ಹನುಮಂತ್ರಾಯ.

“ದೆವ್ವ ಕೆಮ್ಮಂಗಿಲ್ಲವ್ವಾ,” ಎಂದ. “ನಡಿ, ಗೋಡಿ ತೋರಸು.”

ಹಿತ್ತಲ ಗೋಡೆಯ ಆಚೆ ಜಾಲಿ ಕಂಟಿಯ ಪಕ್ಕ ಮೆತ್ತನೆಯ ಮಣ್ಣಿನಲ್ಲಿ ಬರಿಗಾಲಿನ ಹೆಜ್ಜೆಗಳಿದ್ದವು. ದಫೇದಾರ ಅವುಗಳ ಉದ್ದಕ್ಕೂ ನಡೆದು ಬಂದು ತಲೆ ಕೆರೆದುಕೊಂಡ. ಹೆಜ್ಜೆ ಸಣ್ಣ ಸಣ್ಣ, ಸೊಟ್ಟಸೊಟ್ಟ. ಗೋಡೆಯ ಮಣ್ಣಿನ ಮೇಲೆ ಬೆರಳುಗಳ ಗೆರೆ, ಯಾರೋ ಗೋಡೆ ಸವರಿಕೊಂಡು ನಡೆದ ಹಾಗೆ.

“ಕುಡದಿದ್ದನೇನು?” ಪರಮಣ್ಣ ಕೇಳಿದ.

“ಹತ್ತು ವರ್ಷದಾಗ ಬೀಡಿ ಸೈತ ಸೇದಿಲ್ರಿ,” ಎಂದಳು ಹಸೀನಾ.

ಜೀವಂತ ಇದ್ದಾನೆ ಎಂಬುದಷ್ಟು ಖಾತ್ರಿ ಆಯಿತು. ಹಾಗಾದರೆ ಮನೆಯ ಬಾಗಿಲಿಗೆ ಬಂದು ಹೆಂಡತಿಯ ಮುಖ ನೋಡದೆ ಯಾಕೆ ಹೋದ? ಯಾರ ಹೆದರಿಕೆ? ಪುಸ್ತಕದ ಆ ಖಾಲಿ ಜಾಗ ನೆನಪಾಗಿ ಪರಮಣ್ಣ ಅಲ್ಲಿಂದ ನೇರ ಗಡಿಗೆಪ್ಪ ಮಾಸ್ತರ ಮನೆಗೆ ಹೋಗಿ, ಅವರನ್ನು ಕೈಹಿಡಿದು ಮೂರನೇ ಕೋಣೆಗೆ ಕರೆತಂದ. ಮಾಸ್ತರು ಕಣ್ಣು ಮುಚ್ಚಿಕೊಂಡೇ ಬಂದರು.

“ನೋಡ್ರಿ ಮಾಸ್ತರ. ಅರಗು ಕೆರೆದಿಲ್ಲ, ಒಂದು ಗೀರಿಲ್ಲ. ಬಿಸಿ ಎಣ್ಣಿ ಹಚ್ಚಿ ಮೆತ್ತಗ ಮಾಡಿ ತಗದಾರ. ಗುಡ್ಡಿ ಹೊಸದಾಗಿ ಬರದಾರ. ಇದು ಕಾವಲುಗಾರನ ಕೈ ಏನು?”

ಹನುಮಂತ್ರಾಯ ಸೀಳಿದ ಕನ್ನಡಿಯನ್ನು ತೋರಿಸಿದ. “ನಮ್ಮೂರಾಗ ದೇವಿ ಮಾಡಿಸಿದಾಗ ನೋಡೀನ್ರಿ. ಎಲ್ಲಾ ಮುಗದ ಮ್ಯಾಲ ಕಡೀಕ ಕಣ್ಣು. ಚಿತ್ರಗಾರ ಎದುರಿಗಿ ಕೂಡಂಗಿಲ್ಲ, ಬಾಜೂಕ ನಿಂತು ಬರೀತಾನ. ಮುಂದ ಕನ್ನಡಿ ಇಡ್ತಾರ. ಮೊದಲ್ನೇ ನೋಟ ಕನ್ನಡಿ ಮ್ಯಾಲ ಬೀಳಬೇಕು, ಮನುಷ್ಯಾನ ಮ್ಯಾಲ ಬೀಳಬಾರದು.”

ಮಾಸ್ತರು ಕಣ್ಣು ತೆರೆದು ದೇವಿಯನ್ನು ನೋಡಿದರು. ಹೆದರಿಕೆಯ ನಡುವೆಯೂ ಅವರ ಮುಖ ಒಂದು ಗಳಿಗೆ ಅರಳಿತು. “ಎಂಥಾ ಕೈರಿ ಅವಂದು,” ಎಂದುಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡರು.

“ಯಾರ ಕೈ?”

“ವಚನ ಕೊಟ್ಟೀನ್ರಿ.”

“ಒಬ್ಬ ಮನುಷ್ಯ ಮೂರು ದಿನದಿಂದ ಕಾಣಂಗಿಲ್ಲ ಮಾಸ್ತರ. ಅವನ ಹೇಣ್ತಿ ಹೊರಗ ನಿಂತಾಳ. ನಿಮ್ಮ ವಚನ ಆಕಿಗಿ ಹೇಳ್ರಿ.”

ಮಾಸ್ತರು ಹೇಳಿದರು. ಮಾನವಿಯ ಚಿತ್ರಗಾರ ಮೂಕಪ್ಪ. ಆ ದೇವಿಯನ್ನು ಕೆತ್ತಿದ್ದು ಅವನ ಅಪ್ಪ. ಕಣ್ಣು ಮುಚ್ಚಲು ಮೂಕಪ್ಪ ಒಪ್ಪಿರಲಿಲ್ಲ. ಅವರ ಮನೆತನದಲ್ಲಿ ಕಣ್ಣು ತೆರೆಯುತ್ತಾರೆ, ಮುಚ್ಚಿದವರಿಲ್ಲ. ಮಾಸ್ತರು ಮೂರು ಸಲ ಹೋಗಿ, ಹೊಳೆಯ ಪಾಲಾಗುತ್ತದೆ ನಿಮ್ಮಪ್ಪನ ಕೆಲಸ ಎಂದು ಅತ್ತು ಒಪ್ಪಿಸಿದ್ದರು. ಸುದ್ದಿ ಹೊರಬಿದ್ದರೆ ಯಾವ ಊರಿನವರೂ ಇನ್ನು ಮೇಲೆ ದೇವಿ ಮಾಡಲು ಕರೆಯುವುದಿಲ್ಲವೆಂದು ಅವನು ಹೆಸರು ಬರೆಯಬೇಡಿ ಎಂದಿದ್ದ. ಅದಕ್ಕೇ ಪುಟದಲ್ಲಿ ಖಾಲಿ ಜಾಗ.

ಮಾರ್ಚ್ ೫, ಸೋಮವಾರ. ಸಿರವಾರದ ಮೇಲೆ ಜೀಪು ಮಾನವಿ ಸೇರಿದಾಗ ಮೂರು ಗಂಟೆ ಮೂವತ್ತು ನಿಮಿಷ. ಮೂಕಪ್ಪನ ಮನೆಯ ಕಟ್ಟೆಯ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಳಿತಿದ್ದಳು. ಎಡಗಣ್ಣಿನ ಮೇಲೆ ಪೂರ್ತಿ ಬಿಳಿ ಪೊರೆ. ಬಲಗಣ್ಣು ಮಬ್ಬಾಗಿತ್ತು. ಬೂಟಿನ ಸಪ್ಪಳ ಕೇಳಿ ತಲೆ ಎತ್ತಿ, ಪರಮಣ್ಣ ಇದ್ದ ಕಡೆ ಬಿಟ್ಟು ಬೇರೆ ಕಡೆ ನೋಡಿದಳು.

“ತಾತಾ, ಯಾರೋ ಬಂದಾರ.”

ಅರವತ್ತು ದಾಟಿದ ಎತ್ತರದ ಮುದುಕ ಹೊರಗೆ ಬಂದ. ಖಾಕಿ ನೋಡಿದವನೇ ಹೆಂಡತಿ ಪಾರ್ವತೆಮ್ಮನನ್ನು ಕರೆದು ಹುಡುಗಿಯನ್ನು ಒಳಗೆ ಕಳಿಸಿದ. ಓಡಲಿಲ್ಲ. ಕಟ್ಟೆಯ ಮೇಲೇ ಕುಳಿತು ಉತ್ತರ ಕೊಟ್ಟ.

“ದೇವಿ ಕಣ್ಣು ಬಿಡಿಸಿದವ ನೀನೇನು?”

“ಹೌದ್ರಿ.”

“ಯಾಕ?”

“ನನ್ನ ಮೊಮ್ಮಗಳು ಬೂದೆಮ್ಮನ ಕಣ್ಣು ಹೋಗಾಕತ್ತಾವ್ರಿ. ಮೊದ್ಲ ಸಂಜೀಕ ಕಾಣ್ತಿದ್ದಿಲ್ಲ. ಈಗ ಹಗಲೂ ಇಲ್ಲ.”

“ದವಾಖಾನಿಗಿ ತೋರಿಸಿಯೇನು?”

“ದವಾಖಾನಿಯವ್ರು ಮುಚ್ಯಾರೇನ್ರಿ?” ಮೂಕಪ್ಪ ತನ್ನ ಎರಡೂ ಕೈ ಮುಂದೆ ಚಾಚಿದ. “ಈ ಕೈ ಮುಚ್ಯಾವ. ಇವ ತೆರೀಬೇಕು.”

“ಒಳಗ ಹೆಂಗ ಹೋದಿ?”

“ಅಮೀರ್ ಸಾಬ ಬಿಟ್ಟ. ನಮ್ಮಪ್ಪ ಮಾಡಿದ ದೇವಿ, ಅಮಾಸಿ ದಿನ ಬೆಳಗಿನ್ಯಾಗ ಕೈಮುಗದು ಹೋಗ್ತೀನಿ ಅಂದೆ. ಪಾಪ, ಒಳ್ಳೇ ಮನುಷ್ಯ. ನಾ ಕರಿಯೂ ತನಕ ಒಳಗ ಬರಬ್ಯಾಡ ಅಂತ ಹೇಳಿದ್ದೆ.”

“ಬಂದನೇನು?”

“ಥಂಡಿ ಅದ, ಮುದುಕಗ ಚಹಾ ಕುಡಸೋಣಂತ ಹೋಟೆಲಿಗಿ ಹೋಗಿ ಎರಡು ಗ್ಲಾಸು ಹಿಡಕೊಂಡು ಬಂದ್ರಿ. ಒಂದು ಕಿಟಕಿದಾಗಿಟ್ಟ. ನಾನು ಕಡೀ ಕುಂಚ ಇಟ್ಟು ಕೈ ತೆಗಿಯೂದಕ್ಕ, ಅಂವ ಕನ್ನಡಿ ಮುಂದ ಬಂದು ನಿಂತ. ನೋಟ ಅವನ ಮ್ಯಾಲ ಬಿತ್ತು. ನಾ ಚೀರಿದೆ. ಗ್ಲಾಸು ಕೈಬಿಟ್ಟ, ಕಾಲು ತಾಗಿ ಕನ್ನಡಿ ಸೀಳಿತು, ಅರಿಶಿಣ ನೀರು ಚೆಲ್ತು.”

“ಆಮ್ಯಾಲ?”

“ಏನಾತು ಅಂತ ಕೇಳಿದ. ಹೇಳಿಬಿಟ್ಟೆ. ನಮ್ಮಪ್ಪ ನನಗ ಹೇಳಿದ್ದು. ಆ ನೋಟ ಬಿದ್ದವ ಒಂಬತ್ತು ದಿನ ತನ್ನೋರ ಮಾರಿ ನೋಡಬಾರದು. ನೋಡಿದ್ರ ಅವ್ರ ಕಣ್ಣು ಹೋಗ್ತಾವ, ಜೀವಾನೂ ಹೋಗಬಹುದು. ಒಂಬತ್ತನೇ ದಿನ ಕೃಷ್ಣಾ ಹೊಳ್ಯಾಗ ಕಣ್ಣು ತೊಳೀಬೇಕು.”

“ಅವ ನಂಬಿದನೇನು?”

“ಮೂರು ಹೆಣ್ಮಕ್ಕಳದಾವ ಮೂಕಪ್ಪಣ್ಣ ಅಂದ. ಹೆಗಲ ಮ್ಯಾಲಿನ ಟವೆಲ್ ತಗದು ಕಣ್ಣಿಗಿ ಕಟಗೊಂಡ. ಬರಿಗಾಲಿಲೆ ಹೊರಗ ಹೋದ. ನಾನೂ ಹೆದರಿ ಮೊದಲ್ನೇ ಬಸ್ ಹಿಡದೆ.”

ಪರಮಣ್ಣ ಪೆನ್ನು ಕೆಳಗಿಟ್ಟ. ಗೋಡೆಯ ಮೇಲಿನ ಬೆರಳ ಗೆರೆ, ಸೊಟ್ಟ ಹೆಜ್ಜೆ, ಈಗ ಎಲ್ಲ ತಿಳಿಯಿತು. ಮೂರು ಠಾಣೆಗಳಿಗೆ ಅವನು ಕಳಿಸಿದ್ದು ಓಡುವವನ ಗುರುತು. ಅವರೆಲ್ಲ ಹುಡುಕಬೇಕಾಗಿದ್ದದ್ದು ಕುರುಡನನ್ನು. ತನ್ನ ತಲೆಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

“ಮೊಮ್ಮಗಳಿಗಿ ಈಗ ಕಾಣ್ತದೇನು?” ಎಂದು ದಫೇದಾರ ಕೇಳಿದ.

“ಇಲ್ರಿ. ಆಕಿಗಿ ಬರಬೇಕಾದ ನೋಟ ಅವಗ ಹೋತು.”

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೂಕಪ್ಪನನ್ನು ದಸ್ತಗಿರಿ ಮಾಡಲಾಯಿತು. ಅತಿಕ್ರಮ ಪ್ರವೇಶ ಮತ್ತು ಸಾರ್ವಜನಿಕ ಸಂಗ್ರಹದ ವಸ್ತುವಿಗೆ ಹಾನಿ. ಒಬ್ಬ ಮನುಷ್ಯನನ್ನು ಅವನ ಮಕ್ಕಳ ಮುಖ ನೋಡದ ಹಾಗೆ ಹೆದರಿಸಿದ್ದಕ್ಕೆ ಯಾವ ಕಲಂ ಹಾಕಬೇಕೋ ಪರಮಣ್ಣನಿಗೆ ತಿಳಿಯಲಿಲ್ಲ.

ಆರೂವರೆಗೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ವಿಚಾರಿಸಿದಾಗ ಒಬ್ಬ ಕಂಡಕ್ಟರ್ ಬಾಯಿ ಬಿಟ್ಟ. “ಕಣ್ಣಿಗಿ ಬಟ್ಟಿ ಕಟಗೊಂಡವ ಅಲ್ಲೇನ್ರಿ? ನಿನ್ನಿ ಮೊದಲ್ನೇ ಬಸ್ಸಿಗಿ ರಾಯಚೂರಿಗಿ ಹೋಗ್ಯಾನ. ಆಪರೇಷನ್ ಆದವ ಅಂತ ನಾನ ಕೈಹಿಡದು ಕೂಡಸೀನಿ. ಇಳಿಯೂ ಮುಂದ ದೇವಸುಗೂರಿನ ಬಸ್ ಯಾವುದಂತ ಕೇಳಿದ.”

“ಪೊಲೀಸರಿಗಿ ಯಾಕ ಹೇಳ್ಲಿಲ್ಲ?”

“ಕಣ್ಣು ಕಾಣಲಾರದವ ಎಲ್ಲಿಗಿ ಓಡ್ತಾನ್ರಿ ಸಾಹೇಬ್ರ?”

ಮಾರ್ಚ್ ೬, ಮಂಗಳವಾರ, ಬೆಳಿಗ್ಗೆ ಹತ್ತು ಐವತ್ತು. ಜೀಪು ದೇವಸುಗೂರಿನ ಹೊಳೆದಂಡೆಗೆ ಬಂತು. ಮುಂದೆ ಪರಮಣ್ಣ, ಹಿಂದೆ ಹಸೀನಾ ಬೇಗಂ, ದಫೇದಾರ, ಕೈಗೆ ಬೇಡಿ ಹಾಕಿದ ಮೂಕಪ್ಪ. ಅಮೀರ್ ಸಾಬ ಪೊಲೀಸರ ಮಾತು ನಂಬದಿದ್ದರೆ ಮೂಕಪ್ಪನಿಂದಲೇ ಹೇಳಿಸಬೇಕೆಂದು ಅವನನ್ನು ಕರೆತಂದಿದ್ದರು.

ಬಲೆ ಒಣಗಿಸುತ್ತಿದ್ದ ಮೀನುಗಾರನೊಬ್ಬ ಕೈತೋರಿಸಿದ. “ಅಲ್ಲಿ, ಕರೀ ಬಂಡಿಗಲ್ಲಿನ ಮ್ಯಾಲ. ಎರಡು ದಿನಾತು. ರೊಟ್ಟಿ ಕೊಟ್ರ ತಿಂತಾನ, ಮಾರಿ ತೋರಸಂಗಿಲ್ಲ. ನೀರಿನ ದಂಡೀಲಿ ಕೂಡಬ್ಯಾಡ, ಹೋದ ವಾರ ಮೊಸಳಿ ಕುರಿ ಎಳಕೊಂಡು ಹೋಗ್ಯಾದ ಅಂದ್ರೂ ಕೇಳಂಗಿಲ್ಲ.”

ನೀರಿನ ಅಂಚಿನ ಬಂಡೆಯ ಮೇಲೆ ಅಮೀರ್ ಸಾಬ್ ಕುಳಿತಿದ್ದ. ಖಾಕಿ ಅಂಗಿ ಕೊಳೆಯಾಗಿತ್ತು. ಕಣ್ಣಿಗೆ ಟವೆಲ್ಲು ಬಿಗಿದಿತ್ತು.

“ಏನ್ರಿ!” ಎಂದು ಹಸೀನಾ ಕೂಗಿದಳು.

ಅವನು ಚೇಳು ಕುಟುಕಿದವನಂತೆ ಎದ್ದು ನಿಂತ. “ಹಸೀನಾ? ಅಲ್ಲೇ ನಿಲ್ಲು! ಅಲ್ಲಾನ ಆಣಿ, ಹತ್ರ ಬರಬ್ಯಾಡ!” ಹಿಂದೆ ಒಂದು ಹೆಜ್ಜೆ ಇಟ್ಟ. ಹಿಂದೆ ಮೂರು ಮೊಳದಾಚೆ ನೀರು, ಅಲ್ಲಿ ಮಡು ಆಳ, ಕಪ್ಪಾಗಿತ್ತು.

ಪರಮಣ್ಣ ಎಲ್ಲರನ್ನೂ ತಡೆದು ನಿಲ್ಲಿಸಿದ. ಮೂಕಪ್ಪನ ತೋಳು ಹಿಡಿದು ಮೆಲ್ಲಗೆ ಹೇಳಿದ: “ಸುಳ್ಳು ಅಂತ ಹೇಳು ಅವಗ. ಏನೂ ಆಗಂಗಿಲ್ಲ ಅಂತ ಕೂಗು.”

“ಹೆಂಗ ಹೇಳ್ಲಿ ಸಾಹೇಬ್ರ?” ಮೂಕಪ್ಪನ ಕಣ್ಣಲ್ಲಿ ನೀರಿತ್ತು. “ನಾ ಸುಳ್ಳು ಹೇಳಿ, ನಾಳಿ ಆ ತಾಯಿಗಿ ಏನರ ಆದ್ರ? ಒಂದು ಜೋಡಿ ಕಣ್ಣು ತಿಂದೀನಿ. ಇನ್ನೊಂದು ಬ್ಯಾಡ.”

ಹಸೀನಾ ಅಷ್ಟರಲ್ಲಿ ನಡೆಯಲು ಶುರುಮಾಡಿದ್ದಳು.

“ಬರಾಕತ್ತೀನಿ ನೋಡ್ರಿ. ಹಿಂದ ಸರಿದ್ರ ನೀರಿಗಿ ಬೀಳ್ತೀರಿ.”

“ಹಸೀನಾ, ಬ್ಯಾಡ!”

“ಬೀಳ್ರಿ. ನಾನೂ ಬೀಳ್ತೀನಿ. ಮೂರು ಮಂದಿ ಹೆಣ್ಮಕ್ಕಳನ್ನ ಈ ಸಾಹೇಬ್ರು ನೋಡಕೊಳ್ತಾರ.”

ಅವನು ಅಲ್ಲೇ ನಿಂತ. ಅವಳು ಬಂಡೆ ಹತ್ತಿ, ಅವನ ತಲೆಯ ಹಿಂದೆ ಕೈಹಾಕಿ ಗಂಟು ಬಿಚ್ಚಿದಳು. ಟವೆಲ್ಲು ಬಿತ್ತು. ಅವನು ರೆಪ್ಪೆಗಳನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡ.

“ತೆರೀರಿ.”

“ಇನ್ನ ನಾಲ್ಕು ದಿನ ಅದ ಹಸೀನಾ. ನಾಲ್ಕ ದಿನ.”

“ಮಕ್ಕಳು ನಿಮ್ಮ ಹಾಸಿಗಿ ಮ್ಯಾಲ ಮಕ್ಕೊಂಡು ಅಳಾಕತ್ತಾವ. ನಾಲ್ಕು ದಿನ ನಾ ಕಾಯಂಗಿಲ್ಲ. ನನಗೂ ಹೆದರಿಕಿ ಅದ. ಇದ್ರೂ ಬಂದೀನಿ. ನೋಡ್ರಿ ನನ್ನ.”

ಅಮೀರ್ ಸಾಬ್ ಕಣ್ಣು ತೆರೆದ. ಐದು ದಿನದ ಕತ್ತಲೆಯಿಂದ ಬಿಸಿಲಿಗೆ ಬಂದ ಕಣ್ಣು ಕೆಂಪಗೆ ನೀರು ಸುರಿಸಿತು. ಅವನು ಅವಳನ್ನು ನೋಡಿದ.

ದಫೇದಾರ ಬಾಯಲ್ಲಿ ಏನೋ ಮಣಮಣ ಅನ್ನುತ್ತಿದ್ದ. ಮೂಕಪ್ಪ ಮುಖ ತಿರುಗಿಸಿಕೊಂಡಿದ್ದ. ಪರಮಣ್ಣ ಕೈಗಡಿಯಾರ ನೋಡುತ್ತಿದ್ದ. ಒಂದು ನಿಮಿಷ ಅಷ್ಟು ಉದ್ದ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಹಸೀನಾ ನಿಂತೇ ಇದ್ದಳು.

“ಗಡ್ಡ ಎಷ್ಟ್ ಬಂದಾದ ನೋಡ್ರಿ, ಫಕೀರನಂಗ,” ಎಂದಳು. ಅಮೀರ್ ಸಾಬ್ ಅವಳ ಹೆಗಲಿಗೆ ತಲೆ ಹಚ್ಚಿ ದೊಡ್ಡ ದನಿ ತೆಗೆದು ಅತ್ತ.

ಪರಮಣ್ಣನ ಜೀವಕ್ಕೆ ಜೀವ ಬಂತು. ನಗು ಬಂತು. ಪಕ್ಕಕ್ಕೆ ತಿರುಗಿದರೆ ಮೂಕಪ್ಪ ಮರಳಿನ ಮೇಲೆ ಕುಸಿದು ಕುಳಿತಿದ್ದ. ಬಂಡೆಯ ಮೇಲಿನ ಇಬ್ಬರನ್ನೇ ನೋಡುತ್ತಿದ್ದ. ಅವನ ಮುಖ ಬೂದಿಯಾಗಿತ್ತು.

“ಸಾಹೇಬ್ರ, ಆಕಿಗೇನೂ ಆಗ್ಲಿಲ್ಲ.”

“ಇಲ್ಲ.”

“ಹಂಗಾದ್ರ ನೋಟದಾಗ ಏನೂ ಇದ್ದಿಲ್ಲ.”

ಪರಮಣ್ಣ ಬಂಡೆಯ ಕಡೆ ನೋಡಿದ.

“ಹಂಗಾದ್ರ ಬೂದೆಮ್ಮನ ಕಣ್ಣು ದೇವಿ ತಗೊಂಡಿದ್ದಲ್ಲ.” ಬೇಡಿ ಹಾಕಿದ ಎರಡೂ ಕೈಯಿಂದ ಮರಳನ್ನು ಹಿಡಿದುಕೊಂಡ. “ಎರಡು ವರ್ಷ ಆತ್ರಿ. ಊರ ಮಂದಿ ದವಾಖಾನಿ ಅಂದ್ರು. ನಾ ಒಯ್ಯಲಿಲ್ಲ.”

ನಗು ಪರಮಣ್ಣನ ಮುಖದಲ್ಲಿ ಹಾಗೇ ಆರಿಹೋಯಿತು. ಅವನು ಮುದುಕನನ್ನು ರಟ್ಟೆ ಹಿಡಿದು ಎಬ್ಬಿಸಿದ. ಆರೋಪಿಯನ್ನು ಅಂದೇ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಆದರೆ ಅಮೀರ್ ಸಾಬನನ್ನೂ ಹಸೀನಾಳನ್ನೂ ದೇವದುರ್ಗದ ಬಸ್ಸಿಗೆ ಹತ್ತಿಸಿದ ಮೇಲೆ ಜೀಪು ಮೊದಲು ಹೋದದ್ದು ಮಾನವಿಗೆ. ಅಲ್ಲಿಂದ ಬೂದೆಮ್ಮನನ್ನು ಹತ್ತಿಸಿಕೊಂಡು ತಿರುಗಿ ರಾಯಚೂರಿಗೆ ಬಂತು.

ಮಧ್ಯಾಹ್ನ ಮೂರು ಗಂಟೆಗೆ ಕಣ್ಣಿನ ಡಾಕ್ಟರು ಹುಡುಗಿಯ ರೆಪ್ಪೆ ಎತ್ತಿ, ಟಾರ್ಚು ಹಾಕಿ ನೋಡಿದರು. ಬಲಗಣ್ಣು ಉಳಿಯುತ್ತದೆ, ಇವತ್ತಿನಿಂದಲೇ ಔಷಧ ಶುರು ಮಾಡೋಣ ಎಂದರು. ಎಡಗಣ್ಣಿನ ಬಗ್ಗೆ ಕೇಳಿದಾಗ ತಲೆ ಅಲ್ಲಾಡಿಸಿದರು.

“ಎಷ್ಟು ದಿನದಿಂದ ಹೀಗಿದೆ?”

“ಎರಡು ವರ್ಷ,” ಎಂದ ಮೂಕಪ್ಪ.

“ಆಗಲೇ ತಂದಿದ್ದರೆ ಎರಡೂ ಉಳಿಯುತ್ತಿದ್ದವು. ಯಾಕೆ ತರಲಿಲ್ಲ?”

ಬೂದೆಮ್ಮ ಅಜ್ಜನ ದನಿ ಬಂದ ಕಡೆ ಕೈಚಾಚಿದಳು. ಅವಳ ಬೆರಳಿಗೆ ಬೇಡಿ ಸಿಕ್ಕಿತು. ಸವರಿ ಸವರಿ ನೋಡಿದಳು.

“ಇದೇನು ತಾತಾ?”

ಮೂಕಪ್ಪ ಮೊಮ್ಮಗಳಿಗೆ ಹೇಳಲಿಲ್ಲ. ಡಾಕ್ಟರಿಗೆ ಹೇಳಿದ. “ಹೆದರಿದ್ದೆ ಯಪ್ಪಾ.”

ಕೇಸ್ ಡೈರಿಯಲ್ಲಿ ಆರೋಪಿ ಕೃತ್ಯ ಎಸಗಲು ಕಾರಣ ಎಂಬಲ್ಲಿ ಪರಮಣ್ಣ ಅದೇ ಒಂದು ಮಾತನ್ನು ಬರೆದು ಸಹಿ ಹಾಕಿದ.